ಮುಳುಗಿದ್ದೇ ಗಟ್ಟಿ

ನೀರಿಗೆ ಹಾಕಿದರೆ ತಿಳಿಯುತ್ತದೆ, ನೋಡಿ.
ತೇಲಿದ್ದು ಜೊಳ್ಳು, ಎಣ್ಣೆಗೆ ಹೋಗುತ್ತದೆ.
ಮುಳುಗಿದ್ದು ಗಟ್ಟಿ, ಅದಕ್ಕೆ ಹಡಗು.
ಮೂವತ್ತೊಂದು ವರ್ಷ ಇದೇ ಬೆಂಚು, ಇದೇ ತೊಟ್ಟಿ,
ಗ್ವಾವ್ ಊರಿನ ಇದೇ ಕಟ್ಟಡ.
ಬೇಕಾದರೆ ನನ್ನ ಕೈ ಮೂಸಿ.
ಸೋಪು ಎಂದೋ ಸೋತಿದೆ.

ನೀವು ಬೆಳಿಗ್ಗೆ ಇಳಿದವರು,
ಸಂಜೆ ಐದಕ್ಕೆ ಮತ್ತೆ ಹತ್ತುವವರು.
ಈ ಗ್ರೆನಡಾದ ಚರಿತ್ರೆ ಏನು ಎಂದು ಕೇಳುತ್ತೀರಿ.
ನಾನು ಯೂಟ್ರಿಸ್. ನನಗೆ ಗೊತ್ತಿರುವುದು ಕಾಯಿ.

ಜಾಯಿಕಾಯಿ ನಮ್ಮದಲ್ಲ.
ಮೂಡಲ ಕಡಲಿನ ಯಾವುದೋ ದ್ವೀಪದ್ದು,
ಯಾರದೋ ಜೇಬಿನಲ್ಲಿ ಬಂತು.
ಕಬ್ಬೂ ನಮ್ಮದಲ್ಲ, ಕೋಕೋ ಅಲ್ಲ.
ನಾನೂ ಹಾಗೆ ಬಂದವಳೇ:
ಅಪ್ಪನ ಕಡೆಯವರು ಸರಪಳಿಯಲ್ಲಿ,
ಅಮ್ಮನ ಕಡೆಯವರು ಹೆಬ್ಬೆಟ್ಟೊತ್ತಿ.
ಐದೇ ವರ್ಷ ಅಂದಿದ್ದನಂತೆ ಕಲ್ಕತ್ತೆಯ ದಲ್ಲಾಳಿ.
ಆ ಐದು ವರ್ಷ ಇನ್ನೂ ಮುಗಿದಿಲ್ಲ.
ಮುತ್ತಜ್ಜಿಯ ಹೆಸರನ್ನು ರಿಜಿಸ್ಟರಿನಲ್ಲಿ ತಪ್ಪು ಬರೆದರು,
ಆ ತಪ್ಪೇ ಈಗ ನಮ್ಮ ಮನೆತನದ ಹೆಸರು.

ಮೊದಲಿದ್ದವರು?
ಇದ್ದರು.
ಬಡಗಣ ತುದಿಯಲ್ಲಿ ಒಂದು ಬಂಡೆ,
ಫ್ರೆಂಚರ ಕೋವಿ ಬೆನ್ನಿಗೆ ಬಂದಾಗ
ಅಲ್ಲಿಂದ ಕಡಲಿಗೆ ಹಾರಿದರಂತೆ.
'ಹಾರಿದವರು' ಎಂದೇ ಆ ಊರಿನ ಹೆಸರು,
ಅದೂ ಓಡಿಸಿದವರ ಭಾಷೆಯಲ್ಲಿ.
ಮುಳುಗಿದ್ದೇ ಗಟ್ಟಿ ಎಂದೆನಲ್ಲ,
ಆ ಬಂಡೆಯ ಮೇಲೆ ನಿಂತು ಆ ಮಾತು ನಾನು ಆಡುವುದಿಲ್ಲ.

ನಮ್ಮ ಬಾವುಟದ ಒಂದು ಬದಿಯಲ್ಲಿ ಈ ಕಾಯಿ ಇದೆ.
ಎಪ್ಪತ್ತನಾಲ್ಕರ ಫೆಬ್ರವರಿ, ಮುಷ್ಕರ, ಕರೆಂಟಿಲ್ಲ.
ಸ್ವಾತಂತ್ರ್ಯ ಕತ್ತಲಲ್ಲೇ ಬಂತು.
ಅಪ್ಪನ ಹೆಗಲ ಮೇಲೆ ಕೂತು
ಬಾವುಟ ಪಟಪಟ ಅಂದದ್ದು ಕೇಳಿದೆ, ಬಣ್ಣ ಕಂಡದ್ದು ಮಾರನೇ ದಿನ.
ಎಂಬತ್ತಮೂರರಲ್ಲಿ ಹೆಲಿಕಾಪ್ಟರುಗಳು.
ಅದರ ಬಗ್ಗೆ ನಮ್ಮ ಮನೆಯ ಇಬ್ಬರದು ಎರಡು ಮಾತು,
ಊಟದ ಹೊತ್ತಿಗೆ ಎತ್ತುವುದಿಲ್ಲ.

ಆಮೇಲೆ ಗಾಳಿ.
ಎರಡು ಸಾವಿರದ ನಾಲ್ಕು, ಸೆಪ್ಟೆಂಬರ್.
ಒಂದೇ ರಾತ್ರಿಗೆ ಗುಡ್ಡ ಬೋಳು,
ಮರಗಳು ಬೇರು ಮೇಲೆ ಮಾಡಿ ಮಲಗಿದ್ದವು.
ಗಂಡ ಕಾಸ್ಮಸ್ ಅಡ್ಡಬಿದ್ದ ಮರದ ಮೇಲೆ
ಮೂರು ದಿನ ಕೂತ,
ಬಸ್ಸಿಗೆ ಕಾದವನ ಹಾಗೆ.
ನಾಲ್ಕನೇ ದಿನ ಸಸಿ ಮಡಿಗೆ ಮಣ್ಣು ಹೊತ್ತ.

ಈ ಗಿಡದ ಕಥೆ ಗೊತ್ತಾ?
ಆರೇಳು ವರ್ಷ ನೀರೆರೆದು ಕಾಯಬೇಕು,
ಹೂ ಬಿಟ್ಟ ಮೇಲೇ ಗಂಡೋ ಹೆಣ್ಣೋ ಅನ್ನುವುದು.
ಅವನು ನೆಟ್ಟ ನಲವತ್ತರಲ್ಲಿ
ಇಪ್ಪತ್ತಮೂರು ಗಂಡು.
ಎರಡು ಉಳಿಸಿಕೊಂಡ. ಮಿಕ್ಕವುಗಳ ಮುಂದೆ
ಕೊಡಲಿ ಹಿಡಿದು ನಿಂತು ನಕ್ಕ.
ನಾನು ಅಡುಗೆಮನೆಗೆ ಹೋದೆ.

ಈಗ ಊರಿಗೆ ದುಡ್ಡು ನಿಮ್ಮಿಂದ,
ಮೀನಿಂದ, ಬಾಡಿಗೆ ಕೋಣೆಯಲ್ಲಿ ಡಾಕ್ಟರಿಕೆ ಓದುವ
ಪರದೇಶದ ಹುಡುಗರಿಂದ.
ಮಗಳು ಶರ್ಲಾನ್ ಪೇಟೆಯ ಕಚೇರಿಯಲ್ಲಿದ್ದಾಳೆ.
ಅಲ್ಲಿ ನಮ್ಮ ಪಾಸ್‌ಪೋರ್ಟಿಗೆ ಬೆಲೆ ಕಟ್ಟುತ್ತಾರೆ.
ಈ ಮಣ್ಣು ತುಳಿಯದವರೂ ದುಡ್ಡಿದ್ದರೆ ನಮ್ಮವರು.
'ಅವರನ್ನೆಲ್ಲ ತೊಟ್ಟಿಗೆ ಹಾಕಿ ನೋಡಿದಿರಾ?' ಎಂದೆ.
'ನಿನ್ನ ಬೀದಿಯ ಡಾಂಬರು ಆ ದುಡ್ಡೇ, ಅಮ್ಮ' ಎಂದಳು.
ಅದೂ ನಿಜವೇ.
ಮಳೆಗಾಲದಲ್ಲಿ ಈಗ ಚಪ್ಪಲಿ ಕೆಸರಾಗುವುದಿಲ್ಲ.

ಅಗೋ, ಆ ಹುಡುಗ ಗೋಣಿಚೀಲಕ್ಕೆ ಅಚ್ಚು ಒತ್ತುತ್ತಿದ್ದಾನೆ,
ಹೋಗುವ ಊರು ದೊಡ್ಡ ಅಕ್ಷರದಲ್ಲಿ,
ಹೊರಟ ಊರು ಸಣ್ಣದರಲ್ಲಿ.
ಗೋಣಿ ಒರಟು, ಸಣ್ಣದು ಸರಿಯಾಗಿ ಮೂಡುವುದಿಲ್ಲ.

ತಗೊಳ್ಳಿ, ಇದು ಇವತ್ತಿನದು,
ಜಾಪತ್ರೆಯ ಕೆಂಪು ಇನ್ನೂ ಆರಿಲ್ಲ.
ದುಡ್ಡು ಬೇಡ.
ಬೇಡ ಅಂದೆನಲ್ಲ. ಸರಿ, ಚಿಲ್ಲರೆ ಇದ್ದರೆ ಕೊಡಿ.
ಓ, ನಿಮ್ಮ ಹಡಗು ಕೂಗಿತು.
ಅಬ್ಬಾ, ಅಷ್ಟು ದೊಡ್ಡದು,
ನೋಡಿ, ಹೇಗೆ ತೇಲುತ್ತದೆ.